ಬೀಳುವ ಮುಂಚಿನ ಹೆಜ್ಜೆ

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಒಂದು ಸಣ್ಣ ಭಾಗವಿದೆ. ನಿಂತಾಗ ಅಥವಾ ನಡೆಯುವಾಗ ಮೈ ಹಿಡಿತ ತಪ್ಪಿದಂತೆ ಅನಿಸುತ್ತದೆಯೇ ಎಂಬುದು ಅದರೊಳಗಿನ ಒಂದು ಪ್ರಶ್ನೆ. ಸಿಂಧನೂರು ಸೀಮೆಯ ಮನೆಯಂಗಳದಲ್ಲಿ ಅದು "ಅಜ್ಜಿ, ನಡೆಯೋವಾಗ ಜೋಲಿ ಹೋಗ್ತೈತೇನು?" ಎಂದಾಗುತ್ತದೆ. ಉತ್ತರ ಬರೆಯಲು ಇರುವುದು ಎರಡೇ ಮನೆ: ಹೌದು, ಇಲ್ಲ. ಎಷ್ಟೋ ಅಜ್ಜಿಯರು 'ಇಲ್ಲ' ಅಂದುಬಿಡುತ್ತಾರೆ. ಬಿದ್ದದ್ದು ಗೊತ್ತಾದರೆ ಮಗ ಹೊಲದ ಕಡೆ ಬಿಡುವುದಿಲ್ಲ, ಸೊಸೆ ಕೊಡ ಎತ್ತಲು ಬಿಡುವುದಿಲ್ಲ, ಒಬ್ಬಳೇ ಗುಡಿಗೆ ಹೋಗುವುದೂ ನಿಲ್ಲುತ್ತದೆ. ಬೀಳುವ ಭಯಕ್ಕಿಂತ ಮನೆಯಲ್ಲೇ ಕೂರಬೇಕಾಗುವ ಭಯ ದೊಡ್ಡದು.

ಸುಳ್ಳು ಹೇಳುವ ಉದ್ದೇಶ ಇಲ್ಲದವರಿಗೂ ಉತ್ತರ ಗೊತ್ತಿರುವುದಿಲ್ಲ. ಹೋದ ವರ್ಷಕ್ಕಿಂತ ಹೆಜ್ಜೆ ಗಿಡ್ಡಾಗಿದೆಯೇ, ಹಿಂದಕ್ಕೆ ತಿರುಗಲು ಎರಡು ಹೆಜ್ಜೆ ಹೆಚ್ಚು ಬೇಕಾಗುತ್ತಿದೆಯೇ, ಎಡಗಾಲು ಬಲಗಾಲಿಗಿಂತ ತಡವಾಗಿ ಏಳುತ್ತಿದೆಯೇ ಎಂಬುದು ನಡೆಯುವವರ ಅರಿವಿಗೇ ಬರುವುದಿಲ್ಲ. ಇಷ್ಟಿಷ್ಟೇ ಬದಲಾಗುವುದನ್ನು ಮೈ ದಿನದಿನವೂ ಒಪ್ಪಿಕೊಂಡುಬಿಡುತ್ತದೆ. ಸೊಂಟಕ್ಕೆ ಕಟ್ಟುವ, ಮಣಿಕಟ್ಟಿಗೆ ಹಾಕುವ, ಚಪ್ಪಲಿಯೊಳಗೆ ಇಡುವ ಸಣ್ಣ ಸಂವೇದಕಗಳು ಇದನ್ನು ಅಳೆಯಬಲ್ಲವು. ಅವು ಅಳೆಯುವುದು ಏನನ್ನು, ಎಷ್ಟರ ಮಟ್ಟಿಗೆ ನಂಬಬಹುದು, ಮುಕ್ಕುಂದದಂಥ ಊರಿಗೆ ಅವು ಬಂದರೆ ಏನು ಬದಲಾಗಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಸಿಂಧನೂರು ತಾಲ್ಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಊರು. ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಈ ಸೀಮೆ ನೆಲ್ಲಿನ ಸೀಮೆಯಾಯಿತು. ಇಲ್ಲಿ ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಬಹುಪಾಲು ಹೆಂಗಸರು ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚಿ, ಕಳೆ ತೆಗೆದು ಆಯುಷ್ಯ ಸವೆಸಿದವರು. ಅವರು ನಡೆಯುವ ನೆಲವೂ ಒಂದೇ ಥರದ್ದಲ್ಲ. ಗದ್ದೆಯ ನಡುವಿನ ಬದುವಿನ ಮೇಲೆ ಒಂದು ಪಾದಕ್ಕಷ್ಟೇ ಜಾಗ. ಮಳೆ ಬಿದ್ದ ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಹೆಜ್ಜೆಗೂ ಕಾಲಿನ ತೂಕ ಹೆಚ್ಚಿಸುತ್ತದೆ. ಅದೇ ಮಣ್ಣು ಮೇಲೆ ತೆಳುವಾಗಿ ಹಸಿಯಾದರೆ ಜಾರುತ್ತದೆ. ಮನೆ ಮುಂದೆ ಚರಂಡಿ ದಾಟಲು ಹಾಸಿದ ಪರಸಿ ಕಲ್ಲು, ಬಾಗಿಲಲ್ಲಿ ಎತ್ತರದ ಹೊಸ್ತಿಲು, ಬಚ್ಚಲಲ್ಲಿ ಸಾಬೂನಿನ ನೀರು. ಮಸ್ಕಿ, ಲಿಂಗಸುಗೂರು ಕಡೆಗೆ ಹೋದರೆ ಕಲ್ಲುಗುಡ್ಡ, ಕೊರಕಲು ದಾರಿ. ಬೆಳಕು ಹರಿಯುವ ಮುಂಚೆ ತಂಬಿಗೆ ಹಿಡಿದು ಹೊರಡುವ ಹಿರಿಯರಿಗೆ ಇವೆಲ್ಲ ಕತ್ತಲಲ್ಲೇ ಎದುರಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೇ. ಈ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ವೈದ್ಯರ ಬಳಿ ಹೋಗಲೇಬೇಕಾದಷ್ಟು ಪೆಟ್ಟಾಗುವ ಬೀಳುವಿಕೆಗಳು ವರ್ಷಕ್ಕೆ 3.73 ಕೋಟಿ. ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ನಮ್ಮಲ್ಲಿ ಇಂಥ ಸಾವು ಲೆಕ್ಕದಿಂದ ಜಾರಿಹೋಗುವುದು ಸುಲಭ. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದವರು ನಾಲ್ಕು ತಿಂಗಳ ಮೇಲೆ ಕಫ ಕಟ್ಟಿ ತೀರಿಕೊಂಡರೆ, ಊರು ಅದನ್ನು ವಯಸ್ಸಾಗಿ ಸತ್ತದ್ದು ಎಂದೇ ಹೇಳುತ್ತದೆ.

ವಯಸ್ಸಾದವರು ಬೀಳುವುದು ಸಹಜ ಎಂಬ ಮಾತನ್ನು ವೈದ್ಯಲೋಕವೂ ಬಹುಕಾಲ ನಂಬಿತ್ತು. ಅದನ್ನು ಅಲುಗಾಡಿಸಿದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಮುಖ್ಯರು. 75 ದಾಟಿದ 336 ಜನರನ್ನು ಅವರ ತಂಡ ಒಂದು ವರ್ಷ ಹಿಂಬಾಲಿಸಿತು. 1988ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ 32 ಜನ ಕನಿಷ್ಠ ಒಮ್ಮೆಯಾದರೂ ಬಿದ್ದಿದ್ದರು. ಅದಕ್ಕಿಂತ ಮುಖ್ಯವಾದದ್ದು ಯಾರು ಬಿದ್ದರು ಎಂಬುದು. ನಿದ್ದೆ ಮಾತ್ರೆ, ಮಂಕಾದ ನೆನಪು, ಕಾಲುಗಳ ನಿಶ್ಶಕ್ತಿ, ಪಾದದ ತೊಂದರೆ, ನಡಿಗೆಯ ದೋಷ ಇಂಥ ಕಾರಣಗಳಲ್ಲಿ ಒಂದೂ ಇಲ್ಲದವರು ಬೀಳುವ ಸಂಭವ ಶೇ 8 ಇದ್ದರೆ, ನಾಲ್ಕೋ ಅದಕ್ಕಿಂತ ಹೆಚ್ಚೋ ಸೇರಿಕೊಂಡವರಲ್ಲಿ ಅದು ಶೇ 78 ಆಗಿತ್ತು. ವಿಧಿಯ ಮೇಲೆ ಹಾಕಿ ಕೈಚೆಲ್ಲುವ ಸಂಗತಿ ಇದಲ್ಲ, ಮೊದಲೇ ಎಣಿಸಬಹುದಾದದ್ದು ಎಂದು ಈ ಅಂಕಿಗಳು ತೋರಿಸಿಕೊಟ್ಟವು.

ನಡಿಗೆ ಎಂಬುದು ನೋಡಲು ಸರಳ. ಪ್ರತಿ ಹೆಜ್ಜೆಯಲ್ಲೂ ದೇಹ ಮುಂದಕ್ಕೆ ಬೀಳಲು ಹೊರಡುತ್ತದೆ, ಮುಂದಿಟ್ಟ ಕಾಲು ಅದನ್ನು ಹಿಡಿಯುತ್ತದೆ. ಅರ್ಧ ಸೆಕೆಂಡಿಗೊಮ್ಮೆ ನಡೆಯುವ ಈ ಕೆಲಸಕ್ಕೆ ಕಣ್ಣು ನೆಲದ ಸುದ್ದಿ ಕೊಡಬೇಕು, ಒಳಕಿವಿ ತಲೆಯ ಓಲಾಟದ ಸುದ್ದಿ ಕೊಡಬೇಕು, ಅಂಗಾಲು ಮತ್ತು ಕೀಲುಗಳು ಕಾಲು ಎಲ್ಲಿದೆ ಎಂದು ಹೇಳಬೇಕು. ಬೀಸುವ ಕಾಲಿನ ತುದಿ ನೆಲದಿಂದ ಮೇಲೆ ಹಾದುಹೋಗುವ ಅಂತರ, ಅತಿ ಕಡಿಮೆ ಇರುವ ಗಳಿಗೆಯಲ್ಲಿ, ಒಂದೂವರೆ ಸೆಂಟಿಮೀಟರಿನ ಆಸುಪಾಸು. ಗಟ್ಟಿಮುಟ್ಟಾದವರದ್ದೂ ಅಷ್ಟೇ. ಪಾದ ಎತ್ತುವ ಸ್ನಾಯು ಸೋತು ಈ ಅಂತರ ಒಂದು ಹೆಜ್ಜೆಯಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಆಗತೊಡಗಿದರೆ ಪರಸಿ ಕಲ್ಲಿನ ಸಣ್ಣ ಏರೂ ಎಡವಿಸುತ್ತದೆ.

ನಡಿಗೆಯನ್ನು ಅಳೆಯುವ ಹಳೆಯ ವಿಧಾನಗಳಿಗೆ ಯಂತ್ರ ಬೇಕಿಲ್ಲ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡುವ ಪರೀಕ್ಷೆಯನ್ನು 1991ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಎಂಬ ಇಬ್ಬರು ರೂಪಿಸಿದರು. ಭೌತಚಿಕಿತ್ಸಕರು ಇದನ್ನು 'ಟಗ್' ಎಂದು ಕರೆಯುತ್ತಾರೆ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸೂತ್ರ. 1997ರಲ್ಲಿ ಸ್ವೀಡನ್ನಿನ ಲಂಡಿನ್-ಓಲ್ಸನ್ ಮತ್ತು ಸಂಗಡಿಗರು ಇನ್ನೂ ಸರಳವಾದದ್ದನ್ನು ಗಮನಿಸಿದರು. ವೃದ್ಧರ ಜೊತೆ ನಡೆಯುತ್ತ ಮಾತಿಗೆಳೆದರೆ ಕೆಲವರು ಉತ್ತರ ಕೊಡಲು ನಿಂತುಬಿಡುತ್ತಾರೆ. 58 ಜನರಲ್ಲಿ ಹಾಗೆ ನಿಂತವರು 12. ಅವರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ನಡೆಯುವುದಕ್ಕೇ ಮೆದುಳಿನ ಇಡೀ ಗಮನ ಖರ್ಚಾಗುತ್ತಿದೆ, ಮಾತಿಗೆ ಉಳಿದಿಲ್ಲ ಎಂಬುದರ ಗುರುತು ಅದು. ಇಷ್ಟು ಅಗ್ಗದ, ಇಷ್ಟು ಚೂಪಾದ ಅವಲೋಕನ ವೈದ್ಯಕೀಯದಲ್ಲಿ ವಿರಳ.

ಆದರೆ ಸ್ಟಾಪ್‌ವಾಚಿಗೆ ಒಂದು ಮಿತಿಯಿದೆ. 14 ಸೆಕೆಂಡು ಹಿಡಿಯಿತು ಎಂದು ಅದು ಹೇಳುತ್ತದೆ. ಏಳಲು ತಡವಾಯಿತೋ, ತಿರುಗಲು ತಡವಾಯಿತೋ ಹೇಳುವುದಿಲ್ಲ. ಏಳಲು ತಡವಾದರೆ ತೊಡೆಯ ಬಲ ಹೆಚ್ಚಿಸಬೇಕು, ತಿರುಗುವಾಗ ತಡವರಿಸಿದರೆ ಮೆದುಳಿನ ಕಡೆ, ಒಳಕಿವಿಯ ಕಡೆ ನೋಡಬೇಕು. ಟಗ್ ಒಂದನ್ನೇ ನೆಚ್ಚಿಕೊಂಡು ಮುಂದೆ ಯಾರು ಬೀಳುತ್ತಾರೆ ಎಂದು ಹೇಳುವುದು ಕಷ್ಟ ಎಂದು ನಂತರದ ವಿಶ್ಲೇಷಣೆಗಳೂ ತೋರಿಸಿವೆ. ಸಂವೇದಕ ಪ್ರವೇಶಿಸುವುದು ಇಲ್ಲಿ.

ವೇಗೋತ್ಕರ್ಷಮಾಪಕ ಎಂಬ ದೊಡ್ಡ ಹೆಸರಿನ ಆ ಚಿಪ್ಪಿನೊಳಗೆ ಇರುವುದು ಸಿಲಿಕಾನಿನ ಒಂದು ತುಣುಕು, ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳ ಆಸರೆಯಲ್ಲಿ ತೂಗಿದೆ. ಸಿಂಧನೂರಿನಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಬ್ರೇಕ್ ಹಾಕಿದಾಗ ಮುಂದಕ್ಕೆ, ಎಳೆದಾಗ ಹಿಂದಕ್ಕೆ ವಾಲುವ ಹಾಗೆ ಆ ತುಣುಕೂ ವಾಲುತ್ತದೆ. ವಾಲಿದಷ್ಟೂ ಅದರ ಮತ್ತು ಪಕ್ಕದ ಹಲ್ಲುಗಳ ನಡುವಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಚಿಪ್ಪು ಅದನ್ನು ಸೆಕೆಂಡಿಗೆ ನೂರು ಸಲದಂತೆ ಅಂಕಿಯಾಗಿ ಬರೆದಿಡುತ್ತದೆ. ಸುಮ್ಮನೆ ಮೇಜಿನ ಮೇಲಿಟ್ಟರೂ ಅದು ಭೂಮಿಯ ಸೆಳೆತದ 9.8ನ್ನು ತೋರಿಸುತ್ತಿರುತ್ತದೆ. ಯಾವ ಕಡೆ ನೆಲ, ಯಾವ ಕಡೆ ಆಕಾಶ ಎಂಬುದು ಅದಕ್ಕೆ ತಿಳಿಯುವುದು ಹೀಗೆ. ಜೊತೆಗಿರುವ ಗೈರೊಸ್ಕೋಪ್ ದೇಹ ಎಷ್ಟು ಬೇಗ ತಿರುಗಿತು ಎಂದು ಹೇಳುತ್ತದೆ. ಬೆನ್ನಿನ ಕೆಳಭಾಗದಲ್ಲಿ, ಸೊಂಟದ ಹತ್ತಿರ ಇದನ್ನು ಕಟ್ಟಿದರೆ ಪ್ರತಿ ಹಿಮ್ಮಡಿ ನೆಲ ಮುಟ್ಟಿದಾಗಲೂ ಒಂದು ಮುಳ್ಳಿನಂಥ ಏರಿಳಿತ ದಾಖಲಾಗುತ್ತದೆ. ಅಂಥ ಎರಡು ಮುಳ್ಳುಗಳ ನಡುವಿನ ಕಾಲವೇ ಹೆಜ್ಜೆಯ ಕಾಲ. ಟಗ್ ಪರೀಕ್ಷೆಯನ್ನೇ ಈ ಪಟ್ಟಿ ಕಟ್ಟಿ ಮಾಡಿಸಿದರೆ ಏಳುವುದು, ನಡೆಯುವುದು, ತಿರುಗುವುದು, ಕೂರುವುದು ನಾಲ್ಕೂ ಬೇರೆಬೇರೆಯಾಗಿ ಸಿಗುತ್ತವೆ.

ಅಳತೆ ಸಿಕ್ಕಿತು. ಅದರಲ್ಲಿ ಏನನ್ನು ನೋಡಬೇಕು? ಎಲ್ಲರ ಮೊದಲ ಊಹೆ ವೇಗ: ನಿಧಾನವಾದವರು ಬೀಳುತ್ತಾರೆ. ಅದು ಅರ್ಧ ಸತ್ಯ. ಜೆಫ್ರಿ ಹೌಸ್‌ಡಾರ್ಫ್ ಮತ್ತು ಸಂಗಡಿಗರು 70 ದಾಟಿದ 52 ಮಂದಿಯ ಪಾದರಕ್ಷೆಯೊಳಗೆ ಒತ್ತಡದ ಸಂವೇದಕ ಇಟ್ಟು ಆರು ನಿಮಿಷ ನಡೆಸಿ, ಬಳಿಕ ಒಂದು ವರ್ಷ ಕಾದರು. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎದ್ದು ಕಂಡದ್ದು ಹೆಜ್ಜೆಯ ಲಯ. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವಿನ ಕಾಲ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ, ಮುಂದೆ ಬಿದ್ದವರಲ್ಲಿ ಬೀಳದವರ ಎರಡರಷ್ಟು ಇತ್ತು. ಎರಡು ಗುಂಪಿನ ನಡುವಿನ ಅಂತರ ಸೆಕೆಂಡಿನ ನೂರನೆಯ ಭಾಗಗಳ ಲೆಕ್ಕದ್ದು; ಕಣ್ಣಿಗೆ ಕಾಣುವಂಥದ್ದಲ್ಲ. ನಿಧಾನವಾಗಿ ಆದರೂ ಒಂದೇ ಲಯದಲ್ಲಿ ನಡೆಯುವ ಅಜ್ಜನಿಗಿಂತ, ಬೇಗ ನಡೆದರೂ ಹೆಜ್ಜೆಹೆಜ್ಜೆಗೆ ಲಯ ತಪ್ಪುವ ಅಜ್ಜನೇ ಹೆಚ್ಚು ಅಪಾಯದಲ್ಲಿರಬಹುದು.

ಮುಂದಿನ ಪ್ರಶ್ನೆ ಎಲ್ಲಿ ಅಳೆಯಬೇಕು ಎಂಬುದು. ಬಿಳಿ ಕೋಟಿನವರು ನೋಡುತ್ತ ನಿಂತಾಗ ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಾನ್ ಸ್ಕೂಟೆನ್ ಮತ್ತು ಜೊತೆಗಾರರು ಹಿರಿಯರ ಬೆನ್ನಿಗೆ ಒಂದು ವಾರ ಸಂವೇದಕ ಕಟ್ಟಿ ಮನೆಗೆ ಕಳಿಸಿದರು. ಅಡುಗೆಮನೆ, ಅಂಗಡಿ, ಬೀದಿ ಎಲ್ಲೆಡೆಯ ನಡಿಗೆ ದಾಖಲಾಯಿತು. ಪ್ರಶ್ನಾವಳಿ ಮತ್ತು ಹಳೆಯ ಪರೀಕ್ಷೆಗಳಿಗೆ ಈ ದಿನನಿತ್ಯದ ನಡಿಗೆಯ ಪ್ರಮಾಣ ಮತ್ತು ಗುಣ ಎರಡನ್ನೂ ಸೇರಿಸಿದಾಗ, ಮುಂದೆ ಬೀಳುವವರನ್ನು ಗುರುತಿಸುವುದು ಮೊದಲಿಗಿಂತ ಸುಧಾರಿಸಿತು ಎಂದು 2015ರಲ್ಲಿ ಅವರು ವರದಿ ಮಾಡಿದರು. ಪ್ರಮಾಣ, ಗುಣ ಎಂದು ಎರಡನ್ನೂ ಹೇಳುವುದಕ್ಕೆ ಕಾರಣವಿದೆ. ದಿನವಿಡೀ ಕೂತವರು ಬೀಳುವ ಸಂದರ್ಭಗಳೇ ಕಡಿಮೆ, ಆದರೆ ಕೂತಷ್ಟೂ ಕಾಲು ಸೋಲುತ್ತದೆ. ಚೆನ್ನಾಗಿ ಓಡಾಡುವವರಿಗೆ ಬೀಳುವ ಅವಕಾಶಗಳೇ ಹೆಚ್ಚು. ಯಾವುದೋ ಒಂದೇ ಅಂಕಿಯನ್ನು ಹಿಡಿದು ಇವರಿಬ್ಬರನ್ನು ತೂಗಲು ಬರುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್‌ವಾಚುಗಳು 'ಬಿದ್ದರೆ ಮಗನಿಗೆ ಫೋನ್ ಹೋಗುತ್ತದೆ' ಎನ್ನುತ್ತವೆ. ಆ್ಯಪಲ್ ವಾಚಿನಲ್ಲಿ ಈ ಸೌಲಭ್ಯ ಬಂದದ್ದು 2018ರಲ್ಲಿ. ಅದು ಬಿದ್ದದ್ದನ್ನು ಪತ್ತೆಹಚ್ಚುವ ಕೆಲಸ. ಬೀಳುವ ಸಂಭವವನ್ನು ಅಂದಾಜಿಸುವುದು ಬೇರೆಯೇ ಕೆಲಸ. ಬೀಳುವಾಗ ದೇಹ ಕ್ಷಣಕಾಲ ಆಸರೆಯಿಲ್ಲದೆ ಇಳಿಯುವುದರಿಂದ ಸಂವೇದಕದ ಅಂಕಿ ಸೊನ್ನೆಯ ಕಡೆ ಕುಸಿಯುತ್ತದೆ, ನೆಲ ತಾಗಿದೊಡನೆ ಥಟ್ಟನೆ ಜಿಗಿಯುತ್ತದೆ, ಆಮೇಲೆ ಅಲುಗಾಟ ನಿಲ್ಲುತ್ತದೆ. ಪುಸ್ತಕದಲ್ಲಿ ಇಷ್ಟು ಸ್ಪಷ್ಟ. ವಾಸ್ತವದಲ್ಲಿ ಮುದುಕರು ಗೋಡೆ ಹಿಡಿದು ಕುಸಿಯುತ್ತಾರೆ, ಮಂಚದ ಅಂಚಿನಿಂದ ಜಾರುತ್ತಾರೆ. ಯುವಕರನ್ನು ಹಾಸಿಗೆಯ ಮೇಲೆ ಬೀಳಿಸಿ ರೂಪಿಸಿದ 13 ಗಣನಸೂತ್ರಗಳನ್ನು ಯುರೋಪಿನ ಸಂಶೋಧಕರು 2012ರಲ್ಲಿ ವೃದ್ಧರ 29 ನಿಜವಾದ ಬೀಳುವಿಕೆಗಳ ಮೇಲೆ ಪರೀಕ್ಷಿಸಿದರು. ಸರಾಸರಿ ಶೇ 57ನ್ನಷ್ಟೇ ಅವು ಹಿಡಿದವು.

ಪತ್ತೆಹಚ್ಚುವ ಕೆಲಸಕ್ಕೂ ಬೆಲೆಯಿದೆ. ಇಂಗ್ಲೆಂಡಿನಲ್ಲಿ 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆಯಲ್ಲಿ ಬಿದ್ದು ಒಂದು ತಾಸಿಗಿಂತ ಹೆಚ್ಚು ನೆಲದ ಮೇಲೇ ಉಳಿದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಈ ಅಂಕಿ ಬಹಳ ಹತ್ತಿರದ್ದು.

ಸಂಭವವನ್ನು ಅಂದಾಜಿಸುವ ಕೆಲಸವೂ ಈಗ ಫೋನಿಗೆ ಬಂದಿದೆ. 2021ರಿಂದ ಐಫೋನಿನಲ್ಲಿ 'ನಡಿಗೆಯ ಸ್ಥಿರತೆ' ಎಂಬ ಅಳತೆ ಇದೆ. ಜೇಬಿನಲ್ಲಿಟ್ಟುಕೊಂಡು ನಡೆಯುವಾಗ ವೇಗ, ಹೆಜ್ಜೆಯ ಉದ್ದ, ಎಡಬಲದ ವ್ಯತ್ಯಾಸ ಮುಂತಾದವನ್ನು ಗಮನಿಸಿ, ಮುಂದಿನ ಹನ್ನೆರಡು ತಿಂಗಳಲ್ಲಿ ಬೀಳುವ ಅಪಾಯದ ಬಗ್ಗೆ ಅದು ಎಚ್ಚರಿಸುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ ಅಧ್ಯಯನದ ಮಾಹಿತಿಯನ್ನು ಅದಕ್ಕೆ ಬಳಸಿದ್ದಾಗಿ ಕಂಪನಿ ಹೇಳಿದೆ. ಆ ಅಧ್ಯಯನ ನಡೆದದ್ದು ಅಮೆರಿಕದಲ್ಲಿ. ಷೂ ತೊಟ್ಟು ಸಮತಟ್ಟಾದ ಕಾಲುದಾರಿಯ ಮೇಲೆ ನಡೆಯುವವರ ನಾಡು ಅದು. ಫೋನು ಪ್ಯಾಂಟಿನ ಜೇಬಿನಲ್ಲಿ ಇರಬೇಕೆಂಬುದೇ ಒಂದು ಊಹೆ. ಈ ಸೀಮೆಯಲ್ಲಿ ಅಜ್ಜನ ಫೋನು ಅಂಗಿಯ ಎದೆಜೇಬಿನಲ್ಲಿರುತ್ತದೆ, ಅಜ್ಜಿಯ ಫೋನು ಮನೆಯ ಗೂಡಿನಲ್ಲಿ ಇರುತ್ತದೆ, ಅದೂ ಇದ್ದರೆ.

ಸಂವೇದಕದ ಭೌತಶಾಸ್ತ್ರ ಎಲ್ಲ ಊರಿಗೂ ಒಂದೇ. ಅದರ ಅಂಕಿಗಳಿಗೆ ಅರ್ಥ ಕೊಡುವ ಗಣನಸೂತ್ರ ಮಾತ್ರ ಯಾರ ನಡಿಗೆಯಿಂದ ಕಲಿತಿದೆಯೋ ಅವರದ್ದು. ಬದುವಿನ ಮೇಲೆ ಬರಿಗಾಲಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸಿನ ಹೆಜ್ಜೆಯ ಕಾಲ ಏರುಪೇರಾಗುತ್ತದೆ. ಸಮತಟ್ಟು ನೆಲದಲ್ಲಿ ಕಲಿತ ಸೂತ್ರಕ್ಕೆ ಅದು ರೋಗದಂತೆ ಕಾಣಬಹುದು. ನಿಜವಾಗಿ ಅದು ನೆಲಕ್ಕೆ ತಕ್ಕಂತೆ ಹೆಜ್ಜೆ ಬದಲಿಸುವ ಕೌಶಲ. ಪಾದ ಇಟ್ಟಲ್ಲಿ ಗುಂಡಿ ಸಿಕ್ಕರೆ ಮುಂದಿನ ಹೆಜ್ಜೆ ಗಿಡ್ಡಾಗಲೇಬೇಕು.

ಕೆನಡಾದ ಸ್ಟೀಫನ್ ರೊಬಿನೊವಿಚ್ ಅವರ ತಂಡದ ಕೆಲಸ ಇದೇ ಎಚ್ಚರವನ್ನು ಇನ್ನೊಂದು ಬಗೆಯಲ್ಲಿ ಕೊಡುತ್ತದೆ. ಎರಡು ವೃದ್ಧಾಶ್ರಮಗಳ ಪಡಸಾಲೆಗಳಲ್ಲಿ ಕ್ಯಾಮೆರಾ ಇಟ್ಟು, 130 ಜನರ 227 ಬೀಳುವಿಕೆಗಳನ್ನು ಅವರು ಒಂದೊಂದಾಗಿ ನೋಡಿದರು. 2013ರ ಆ ವರದಿಯ ಪ್ರಕಾರ ಶೇ 41 ಬೀಳುವಿಕೆಗಳಿಗೆ ಕಾರಣ ಮೈಯ ಭಾರವನ್ನು ತಪ್ಪಾಗಿ ವರ್ಗಾಯಿಸಿದ್ದು: ಎದ್ದಾಗ, ತಿರುಗಿದಾಗ, ಕೂರಲು ಬಾಗಿದಾಗ. ಎಡವಿ ಬಿದ್ದವು ಶೇ 21. ಜಾರಿ ಬಿದ್ದವು ಶೇ 3 ಮಾತ್ರ. ಒಣಗಿದ ನೆಲದ, ಬೆಳಕಿನ, ಕೈಹಿಡಿಕೆಯ ಕಟ್ಟಡದ ಚಿತ್ರ ಇದು. ನಾಟಿಯ ಕಾಲದ ಸಿಂಧನೂರಿಗೆ ಈ ಶೇ 3ನ್ನು ಹಾಗೆಯೇ ತಂದು ಅಂಟಿಸಲಾಗದು. ಆದರೆ ಮೊದಲ ಅಂಕಿ ಇಲ್ಲಿಯೂ ಯೋಚಿಸುವಂತೆ ಮಾಡುತ್ತದೆ. ನೆಲದ ಮೇಲೆ ಕೂತು ಉಂಡು, ರೊಟ್ಟಿ ಬಡಿದು, ಕುಕ್ಕುರುಗಾಲಲ್ಲಿ ಬಟ್ಟೆ ಒಗೆದು, ದಿನಕ್ಕೆ ಹತ್ತಾರು ಸಲ ನೆಲದಿಂದ ಏಳುವವರು ಇಲ್ಲಿಯವರು. ಕುರ್ಚಿಯಿಂದ ಏಳುವ ಪರೀಕ್ಷೆ ಅವರ ಕಷ್ಟವನ್ನು ಮುಟ್ಟುವುದೇ ಇಲ್ಲ. ನೆಲದಿಂದ ಏಳುವಾಗ ಸೊಂಟದ ಸಂವೇದಕ ಏನು ಬರೆಯುತ್ತದೆ ಎಂಬುದರಿಂದ ನಮ್ಮ ಸೂತ್ರ ಶುರುವಾಗಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಇಂಥ ದೊಡ್ಡ ಅಧ್ಯಯನ ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ಕೋಲಾರ ಜಿಲ್ಲೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅದರದ್ದು. ವಯಸ್ಸಿನ ಜೊತೆ ನೆನಪು, ಬುದ್ಧಿ ಹೇಗೆ ಬದಲಾಗುತ್ತವೆ ಎಂಬುದು ಅದರ ಮುಖ್ಯ ಪ್ರಶ್ನೆ. ಹಳ್ಳಿಯ ಹಿರಿಯರು ನಂಬಿಕೆಯಿಟ್ಟು ಪರೀಕ್ಷೆಗೆ ಬರುತ್ತಾರೆ ಎಂಬುದನ್ನು ಆ ತಾಲ್ಲೂಕು ತೋರಿಸಿದೆ. 2017-18ರಲ್ಲಿ ದೇಶದ 72 ಸಾವಿರಕ್ಕೂ ಹೆಚ್ಚು ಜನರನ್ನು ಕಂಡ 'ಲಾಸಿ' ಸಮೀಕ್ಷೆಯೂ ಹಿರಿಯರನ್ನು ಬಿದ್ದಿದ್ದೀರಾ ಎಂದು ಕೇಳಿದ್ದಲ್ಲದೆ, ನಾಲ್ಕು ಮೀಟರ್ ನಡೆಸಿ ಗಡಿಯಾರ ನೋಡಿತ್ತು. ಅಂಥ ನಡಿಗೆಗೆ ಒಂದು ಸೊಂಟಪಟ್ಟಿ ಸೇರಿಸುವುದು ದೊಡ್ಡ ಖರ್ಚಿನ ಮಾತಲ್ಲ.

ಪಾದದ ಕಡೆಯಿಂದಲೂ ನಮ್ಮಲ್ಲಿ ಕೆಲಸ ನಡೆದಿದೆ. ಹಳೆಯ ಮಧುಮೇಹಿಗಳಲ್ಲಿ ಅಂಗಾಲಿನ ನರಗಳು ಸತ್ತು, ನೆಲ ಮೆತ್ತಗಿದೆಯೋ ಗಟ್ಟಿಯಿದೆಯೋ ತಿಳಿಯದಂತಾಗುತ್ತದೆ. ಹಗಲಲ್ಲಿ ಕಣ್ಣು ಆ ಕೊರತೆ ತುಂಬುತ್ತದೆ. ಕರೆಂಟು ಹೋದಾಗ ಜೋಲಿ ಹೋಗುತ್ತದೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಮಧುಮೇಹಿಗಳ ಪಾದಕ್ಕೇ ಮೀಸಲಾದ ಕೇಂದ್ರವಿದೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗ ಬೆಂಗಳೂರಿನ ಕರ್ನಾಟಕ ಅಂತಃಸ್ರಾವಶಾಸ್ತ್ರ ಮತ್ತು ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಒಂದು ಪಾದರಕ್ಷೆ ರೂಪಿಸಿತು. ಅದರ ಅಟ್ಟೆಯಲ್ಲಿ ಪುಟ್ಟ ಕಮಾನುಗಳಿವೆ. ಒಂದು ಜಾಗದಲ್ಲಿ ಭಾರ ಮಿತಿ ಮೀರಿದರೆ ಅಲ್ಲಿಯ ಕಮಾನು ಒಳಕ್ಕೆ ಬಗ್ಗಿ ಭಾರವನ್ನು ಸುತ್ತಲಿಗೆ ಹಂಚುತ್ತದೆ. ಬ್ಯಾಟರಿ ಇಲ್ಲ, ವೈರು ಇಲ್ಲ. ಅಳೆಯುವ ಕೆಲಸ ಮತ್ತು ಸರಿಪಡಿಸುವ ಕೆಲಸ ಒಂದೇ ವಸ್ತುವಿನಲ್ಲಿ ನಡೆಯುವ ಈ ದಾರಿ ಹಳ್ಳಿಗೆ ಹೆಚ್ಚು ಒಗ್ಗುವಂಥದ್ದು. ಪಾದದ ಹುಣ್ಣು ತಪ್ಪಿಸಲೆಂದು ಹುಟ್ಟಿದ ಪಾದರಕ್ಷೆ ಅದು.

ಸಿಂಧನೂರು ಇರುವ ರಾಯಚೂರು ಜಿಲ್ಲೆಗೆ ತನ್ನದೇ ಒಂದು ತೊಡಕೂ ಇದೆ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ದಶಕಗಟ್ಟಲೆ ಕುಡಿದವರ ಬೆನ್ನುಮೂಳೆ, ಕೀಲುಗಳು ಬಿಗಿದುಕೊಳ್ಳಬಹುದು. ಬೆನ್ನು ತಿರುಗದವರು ಕತ್ತು ತಿರುಗಿಸಲು ಇಡೀ ಮೈ ತಿರುಗಿಸಬೇಕು, ತಿರುಗುವ ಗಳಿಗೆಯೇ ಜೋಲಿ ಹೋಗುವ ಗಳಿಗೆ. ಹಾಲೆಂಡಿನ, ಅಮೆರಿಕದ ಹಿರಿಯರ ನಡಿಗೆ ನೋಡಿ ಕಲಿತ ಯಾವ ಸೂತ್ರವೂ ಇಂಥ ಬೆನ್ನನ್ನು ಕಂಡಿರುವುದಿಲ್ಲ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಂವೇದಕ ಕೆಂಪು ಗುರುತು ತೋರಿಸಿತು, ಮುಂದೇನು? ಬೀಳುತ್ತೀರಿ ಎಂದು ಹೇಳಿ ಕಳಿಸಿದರೆ ಹೆದರಿಕೆ ಹೆಚ್ಚುತ್ತದೆ, ಹೆದರಿದವರು ಓಡಾಟ ಬಿಡುತ್ತಾರೆ, ಓಡಾಟ ಬಿಟ್ಟ ಕಾಲು ಇನ್ನಷ್ಟು ಸೋಲುತ್ತದೆ. ಪರಿಹಾರವಿಲ್ಲದ ಅಳತೆ ಹಿರಿಯರಿಗೆ ಮಾಡುವ ಅನ್ಯಾಯ. ಅದೃಷ್ಟಕ್ಕೆ ಪರಿಹಾರಗಳಿವೆ, ಅವುಗಳಲ್ಲಿ ಒಳ್ಳೆಯವು ದುಬಾರಿಯಲ್ಲ. 23 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ 108 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವ್ಯಾಯಾಮ ಬೀಳುವ ಪ್ರಮಾಣವನ್ನು ಶೇ 23ರಷ್ಟು ತಗ್ಗಿಸುತ್ತದೆ. ಸಮತೋಲನದ ಅಭ್ಯಾಸ, ಕಾಲಿನ ಬಲ ಹೆಚ್ಚಿಸುವ ಅಭ್ಯಾಸ ಇದರಲ್ಲಿ ಮುಖ್ಯ. ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದಕ್ಕೆ, ಕೈ ಊರದೆ ಎದ್ದು ಕೂರುವುದಕ್ಕೆ ಕಾಸು ಬೇಕಿಲ್ಲ. 2005ರ ಬ್ರಿಟಿಷ್ ಅಧ್ಯಯನವೊಂದರಲ್ಲಿ 70 ದಾಟಿದ ಹೆಂಗಸರಿಗೆ ಮೊದಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಕಾಯಿಸದೆ ಮಾಡಿದ್ದಕ್ಕೇ ಬೀಳುವುದು ಶೇ 34 ಕಡಿಮೆಯಾಯಿತು. ಆ ಶಸ್ತ್ರಚಿಕಿತ್ಸೆ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ.

ಎಲ್ಲ ಪ್ರಯತ್ನವೂ ಫಲ ಕೊಡುತ್ತದೆ ಎಂದಲ್ಲ. ಅಮೆರಿಕದ 86 ಚಿಕಿತ್ಸಾಲಯಗಳಲ್ಲಿ 5,451 ಹಿರಿಯರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ 'ಸ್ಟ್ರೈಡ್' ಪ್ರಯೋಗದಲ್ಲಿ ದಾದಿಯರು ಪ್ರತಿಯೊಬ್ಬರ ಅಪಾಯಗಳನ್ನು ಗುರುತಿಸಿ ಸಲಹೆ ಕೊಟ್ಟರು. ಗಂಭೀರ ಗಾಯಗಳು ತಗ್ಗಿದ್ದು ಶೇ 8ರಷ್ಟು, ಅದೂ ಸಂಖ್ಯಾಶಾಸ್ತ್ರ ಒಪ್ಪುವಷ್ಟು ಖಚಿತವಾಗಿರಲಿಲ್ಲ. ಸಲಹೆ ಕೊಡುವುದಕ್ಕೂ ಅದು ಮನೆಯಲ್ಲಿ ನಡೆಯುವುದಕ್ಕೂ ನಡುವೆ ದೂರವಿದೆ. ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ, ಹಾಕಿಸುವವರು ಯಾರು?

ಆದ್ದರಿಂದ ಈ ತಂತ್ರಜ್ಞಾನಕ್ಕೆ ಸಲ್ಲಬೇಕಾದ ಜಾಗ ಆಶಾ ಕಾರ್ಯಕರ್ತೆಯ ಚೀಲವೇ. ಮನೆಮನೆಗೂ ಸಂವೇದಕ ಮಾರುವುದರಿಂದ ಹಳ್ಳಿಗೆ ಹೆಚ್ಚು ಲಾಭವಿಲ್ಲ: ಚಾರ್ಜ್ ಮಾಡುವವರು ಬೇಕು, ಅಂಕಿ ಓದುವವರು ಬೇಕು, ಯಾರ ನಡಿಗೆಯ ದಾಖಲೆ ಯಾರ ಕೈ ಸೇರುತ್ತದೆ ಎಂದು ಕೇಳುವವರೂ ಬೇಕು. ಒಂದು ಉಪಕೇಂದ್ರಕ್ಕೆ ಒಂದು ಸೊಂಟಪಟ್ಟಿ ಸಾಕು. ವರ್ಷಕ್ಕೆರಡು ಸಲ ಪ್ರತಿ ಹಿರಿಯರನ್ನೂ ಅವರದೇ ಅಂಗಳದಲ್ಲಿ ನಡೆಸಿ, ಹಿಂದಿನ ನಡಿಗೆಯ ಜೊತೆ ಹೋಲಿಸಬೇಕು. ಬೇರೆ ನಾಡಿನವರ ಸರಾಸರಿಗಿಂತ ಅವರದೇ ಹಿಂದಿನ ಅಳತೆ ಹೆಚ್ಚು ನಂಬಲರ್ಹ. ಲಯ ಕೆಟ್ಟಿದ್ದರೆ ಭೌತಚಿಕಿತ್ಸಕರಿಗೂ ಕಣ್ಣಿನ ವೈದ್ಯರಿಗೂ ಕಳಿಸುವ ದಾರಿ ಸಿದ್ಧವಾಗಿರಬೇಕು. ನಮೂನೆಯಲ್ಲಿರುವ ಹೌದು–ಇಲ್ಲದ ಪಕ್ಕದಲ್ಲಿ ಒಂದು ಅಂಕಿಗೆ ಜಾಗ ಮಾಡಿಕೊಡುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.

ಅದು ಬರುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯ ಹಿರಿಯರನ್ನು ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂದು ಬೈಯದೆ, ಹೆದರಿಸದೆ ಕೇಳಿ. ಗಟ್ಟಿ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ವಾಪಸ್ ಬಂದು ಕೂರಲು ಎಷ್ಟು ಸೆಕೆಂಡು ಎಂದು ಫೋನಿನಲ್ಲಿ ನೋಡಿ. ನೀವು ಕೈ ಅಳತೆಯಲ್ಲೇ ಇರಿ. ಇನ್ನೊಮ್ಮೆ ನಡೆಯುವಾಗ ಮಾತಾಡಿಸಿ, ನಿಲ್ಲುತ್ತಾರೆಯೇ ಗಮನಿಸಿ. ಇವನ್ನೆಲ್ಲ ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದು, ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಜೊತೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ.